ಮುಲುಂಡಿನ ಹತ್ತಡಿ ಕೋಣೆಯಲ್ಲಿ ದಾಸರ ಪದ: ಮನೆ ಸ್ಟುಡಿಯೊ ಒಂದರ ಪ್ರಕರಣ ಅಧ್ಯಯನ

ಮುಂಬಯಿಯ ಮುಲುಂಡ್ ಪೂರ್ವದಲ್ಲಿ ಹಳೆಯ ಸೊಸೈಟಿ, ಮೂರನೇ ಮಹಡಿ. ಧಾರವಾಡದ ಕಡೆಯಿಂದ ಬಂದು ನೆಲೆಸಿದ ಕುಟುಂಬ. ಕಾಕಾ ಬ್ಯಾಂಕಿನಿಂದ ನಿವೃತ್ತರಾದವರು, ಹಿಂದೂಸ್ತಾನಿ ಕಲಿತವರು. ಮಾಟುಂಗದ ಕನ್ನಡ ಕಾರ್ಯಕ್ರಮಗಳಲ್ಲಿ ದಾಸರ ಪದ ಹಾಡುತ್ತಾರೆ. ಅಣ್ಣನ ಮಗ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾನೆ, ಮ್ಯೂಸಿಕ್ ಪ್ರೊಡಕ್ಷನ್ ಕಲಿಯುತ್ತಿದ್ದಾನೆ. ಆರು ಪದಗಳನ್ನು ಹಾರ್ಮೋನಿಯಂ, ತಬಲಾ, ತಂಬೂರಿಯೊಂದಿಗೆ ಮನೆಯಲ್ಲೇ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಬೇಕೆಂಬುದು ಇಬ್ಬರ ಆಸೆ.

ಸಾಮಾನು ಆಗಲೇ ಬಂದಿತ್ತು. ಎರಡು ಇನ್‌ಪುಟ್‌ನ ಯುಎಸ್‌ಬಿ ಇಂಟರ್‌ಫೇಸ್ (ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಸಾಧನ), ಹಾಡಿಗೆ ಆಡಿಯೊ-ಟೆಕ್ನಿಕಾ ಎಟಿ2020 ಕಂಡೆನ್ಸರ್ ಮೈಕು, ತಬಲಾಕ್ಕೆ ಶೂರ್ ಎಸ್ಎಂ57, ಸೋನಿ ಎಂಡಿಆರ್-7506 ಹೆಡ್‌ಫೋನ್, 5 ಇಂಚಿನ ಮಾನಿಟರ್ ಸ್ಪೀಕರ್ ಜೋಡಿ, ಲ್ಯಾಪ್‌ಟಾಪಿನಲ್ಲಿ ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್. ಒಟ್ಟು 70 ಸಾವಿರದ ಆಸುಪಾಸು. ಗೋಡೆಗೆ ಒಂದಿಂಚಿನ ಪಿರಮಿಡ್ ಫೋಮ್ ಅಂಟಿಸಿದ್ದರು, ಬಾಗಿಲ ಹಿಂದೆ ಮೊಟ್ಟೆಯ ಟ್ರೇ ಕೂಡ ಹೊಡೆದಿದ್ದರು. ಇಷ್ಟಾದರೂ ರೆಕಾರ್ಡಿಂಗ್ ಕೇಳುವಂತಿರಲಿಲ್ಲ. ಮಂದ್ರಕ್ಕೆ ಇಳಿದರೆ ದನಿ ಗುಂಯ್‌ಗುಡುತ್ತಿತ್ತು. ಮೇಲೆ ಹೋದರೆ ಬಕೆಟ್ಟಿನೊಳಗೆ ಹಾಡಿದಂತೆ ಕೇಳುತ್ತಿತ್ತು. ಹಿಂದೆ ಸಣ್ಣ ಝೇಂಕಾರ ಇತ್ತು. ತಬಲಾ ಪ್ರತಿ ಸಲವೂ ಕೂದಲೆಳೆ ಹಿಂದೆ ಬೀಳುತ್ತಿತ್ತು. ಹುಡುಗ ಇನ್ನೂ ದುಬಾರಿ ಮೈಕು ಕೊಳ್ಳುವ ಲೆಕ್ಕದಲ್ಲಿದ್ದ. ಆದರೆ ಈ ನಾಲ್ಕು ದೂರುಗಳಲ್ಲಿ ಒಂದಕ್ಕೂ ಮೈಕು ಕಾರಣವಾಗಿರಲಿಲ್ಲ. ನಾಲ್ಕಕ್ಕೂ ಬೇರೆ ಬೇರೆ ಕಾರಣ ಇತ್ತು, ನಾಲ್ಕನ್ನೂ ಕಾಸು ಖರ್ಚಿಲ್ಲದೆ ಮನೆಯಲ್ಲೇ ಪರೀಕ್ಷಿಸಬಹುದಿತ್ತು.

ಕೋಣೆಯ ಅಳತೆಯೇ ತೊಡಕು

ಕೋಣೆ 10 ಅಡಿ ಉದ್ದ, 9 ಅಡಿ ಅಗಲ, ಒಂಬತ್ತೂವರೆ ಅಡಿ ಎತ್ತರ. ಹೆಚ್ಚುಕಡಿಮೆ ಒಂದು ಘನ. ಎದುರುಬದುರಾದ ಎರಡು ಗೋಡೆಗಳ ನಡುವೆ ಶಬ್ದ ನಿಂತ ಅಲೆಯಾಗಿ ಉಬ್ಬುವ ಮೊದಲ ಆವರ್ತನ ತಿಳಿಯಲು ಶಬ್ದದ ವೇಗವನ್ನು ಗೋಡೆಗಳ ಅಂತರದ ಎರಡರಷ್ಟರಿಂದ ಭಾಗಿಸಬೇಕು. 25 ಡಿಗ್ರಿಯಲ್ಲಿ ವೇಗ ಸೆಕೆಂಡಿಗೆ 346 ಮೀಟರ್. 10 ಅಡಿಗೆ 57 ಹರ್ಟ್ಜ್ ಬರುತ್ತದೆ, 9 ಅಡಿಗೆ 63, ಎತ್ತರಕ್ಕೆ 60. ಅದರ ದುಪ್ಪಟ್ಟು ಸುಮಾರು 114, 126, 119. ಒಳ್ಳೆಯ ಕೋಣೆಯಲ್ಲಿ ಈ ಸಂಖ್ಯೆಗಳು ಚದುರಿರುತ್ತವೆ. ಇಲ್ಲಿ ಮೂರೂ ಒಂದೇ ಕಡೆ ಗುಂಪುಗೂಡಿವೆ.

ಕಾಕಾ ಹಾಡುವುದು ಕರಿ ಒಂದರಲ್ಲಿ, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಕೀಲಿಯನ್ನು ಷಡ್ಜ ಮಾಡಿಕೊಂಡು. ಅವರ ಷಡ್ಜ 138.6 ಹರ್ಟ್ಜ್. ಮಂದ್ರ ಧೈವತ ಸುಮಾರು 116, ಮಂದ್ರದ ಕೋಮಲ ನಿಷಾದ ಸುಮಾರು 123. ಎರಡೂ ಸ್ವರ ಆ ಗುಂಪಿನ ನಟ್ಟನಡುವೆ ಬೀಳುತ್ತವೆ. ಇದನ್ನು ಖಚಿತ ಮಾಡಿಕೊಂಡ ಬಗೆ ಸರಳ: ಮೈಕು ಇದ್ದಲ್ಲೇ ಇಟ್ಟು, ಷಡ್ಜದಿಂದ ಮಂದ್ರ ಪಂಚಮದವರೆಗೆ ಒಂದೊಂದು ಸ್ವರವನ್ನೂ ಒಂದೇ ಒತ್ತಿನಲ್ಲಿ ನಾಲ್ಕು ಸೆಕೆಂಡು ಹಿಡಿಯುವುದು, ರೀಪರಿನ ಮೀಟರಿನಲ್ಲಿ ಮಟ್ಟ ಬರೆದುಕೊಳ್ಳುವುದು.

"ಕಾಕಾ, ಮಂದ್ರ ಧೈವತ ಇನ್ನೊಮ್ಮೆ ಹಚ್ಚರಿ."

"ಎಷ್ಟ್ ಸಲ ಹಚ್ಚಲೋ ತಮ್ಮಾ? ನಾ ಮೆತ್ತಗೇ ಹಾಡಾಕತ್ತೀನಿ, ಖೋಲಿನೇ ಒದರಾಕತ್ತದ."

ಕಾಕಾ ಹೇಳಿದ್ದು ಅಕ್ಷರಶಃ ನಿಜ. ಧೈವತ, ನಿಷಾದಗಳು ಉಳಿದ ಸ್ವರಗಳಿಗಿಂತ 7-8 ಡೆಸಿಬೆಲ್ ಮೇಲೆ ಬರುತ್ತಿದ್ದವು. ಇಷ್ಟು ಏರುಪೇರು ಕೊರಳಿನದಲ್ಲ, ಕೋಣೆಯದು.

ಒಂದಿಂಚಿನ ಫೋಮು ಇದಕ್ಕೆ ಏನೂ ಮಾಡಲಾರದು. ಅದು ಹೀರುವುದು ಸಾವಿರ ಹರ್ಟ್ಜ್‌ನಿಂದ ಮೇಲಿನ ಶಬ್ದವನ್ನು. 115 ಹರ್ಟ್ಜ್‌ನ ಅಲೆಯ ಉದ್ದ 3 ಮೀಟರು. ಅದಕ್ಕೆ ಒಂದಿಂಚು ದಪ್ಪದ ಫೋಮು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮೇಲಿನದನ್ನು ತಿಂದು ಕೆಳಗಿನದನ್ನು ಹಾಗೇ ಬಿಡುವುದರಿಂದ ಕೋಣೆ ಮೊದಲಿಗಿಂತಲೂ ಮಂಕಾಗಿ ಕೇಳುತ್ತದೆ. ಬಕೆಟ್ಟಿನ ದನಿಗೆ ಒಂದು ಕಾರಣ ಇದೇ. ಮೊಟ್ಟೆಯ ಟ್ರೇ ಹೀರುವುದೂ ಇಲ್ಲ, ತಡೆಯುವುದೂ ಇಲ್ಲ, ಬೆಂಕಿಗೆ ಮಾತ್ರ ಒಳ್ಳೆಯ ಉರುವಲು. ಎರಡನ್ನೂ ತೆಗೆಸಲಾಯಿತು.

ಎಂಟು ಪ್ಯಾನೆಲ್

ಬಳಸಿದ್ದು ರಾಕ್‌ವೂಲ್ ಸ್ಲ್ಯಾಬ್, ಅಂದರೆ ಕಲ್ಲನ್ನು ಕರಗಿಸಿ ನೂಲಾಗಿಸಿ ಮಾಡಿದ ಹಲಗೆ. ಘನ ಮೀಟರಿಗೆ 48 ಕಿಲೊ ಸಾಂದ್ರತೆ, 1200 ಬೈ 600 ಮಿಲಿಮೀಟರ್, ಎರಡಿಂಚು ದಪ್ಪ. ಸಂಗೀತದ ಅಂಗಡಿಯಲ್ಲಿ ಇದು ಸಿಗುವುದಿಲ್ಲ. ಬಾಯ್ಲರಿಗೆ, ಎಸಿ ಡಕ್ಟಿಗೆ ಇನ್ಸುಲೇಶನ್ ಮಾರುವವರಲ್ಲಿ ಸಿಗುತ್ತದೆ. ಒಂದು ಪ್ಯಾನೆಲಿಗೆ ಎರಡು ಪದರ, ಅಂದರೆ ಎಂಟಕ್ಕೆ 16 ಸ್ಲ್ಯಾಬ್. ಚೌಕಟ್ಟಿಗೆ 4 ಇಂಚು ಅಗಲ, ಮುಕ್ಕಾಲು ಇಂಚು ದಪ್ಪದ ಪೈನ್ ಪಟ್ಟಿ. ಒಂದಕ್ಕೆ 12 ಅಡಿ, ಕಡಿತದ ನಷ್ಟ ಸೇರಿ ಒಟ್ಟು 100 ಅಡಿಗೂ ತುಸು ಹೆಚ್ಚು. ಮುಂದಿನ ಹೊದಿಕೆಗೆ 44 ಇಂಚು ಪನ್ನದ ಮಾಂಜರಪಾಟ್ ಬಟ್ಟೆ 12 ಮೀಟರ್, ನೂಲು ಉದುರದಂತೆ ಹಿಂದೆ ತೆಳು ಹತ್ತಿಬಟ್ಟೆ 10 ಮೀಟರ್. ಎರಡೂ ಮಂಗಲದಾಸ್ ಮಾರ್ಕೆಟಿನದು. ಬಡಗಿಯ ಕೂಲಿ ಸೇರಿಸಿದರೂ ಸಾಮಾನಿಗೆ ಹೋದ ದುಡ್ಡಿನ ಕಾಲುಭಾಗ ಆಗಲಿಲ್ಲ.

ಬಟ್ಟೆ ಆರಿಸುವಾಗ ಒಂದೇ ಪರೀಕ್ಷೆ: ಬಾಯಿಗೆ ಹಿಡಿದು ಊದಬೇಕು, ಉಸಿರು ಸಲೀಸಾಗಿ ದಾಟಬೇಕು. ರೆಕ್ಸಿನ್, ದಪ್ಪ ಸೋಫಾ ಬಟ್ಟೆ ಹೊದಿಸಿದರೆ ಮೇಲಿನ ಶಬ್ದ ಬಟ್ಟೆಗೇ ಬಡಿದು ವಾಪಸು ಬರುತ್ತದೆ. ರಾಕ್‌ವೂಲನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಡುವುದೂ ಅದೇ ತಪ್ಪು. ಕೈಗವಸು, ಮಾಸ್ಕು, ತುಂಬುತೋಳಿನ ಅಂಗಿ ಬೇಕೇ ಬೇಕು. ಸ್ಲ್ಯಾಬನ್ನು ಕೋಣೆಯೊಳಗೆ ಬಿಚ್ಚದೆ ಟೆರೇಸಿನ ಮೇಲೆ ತುಂಬಿ ಹೊಲಿದರು. ಒಳಗೆ ಬಿಚ್ಚಿದ್ದರೆ ಆ ನೂಲು ಹಾಡುವವರ ಗಂಟಲಿಗೇ ಹೋಗುತ್ತಿತ್ತು. ಒಂದು ಪ್ಯಾನೆಲಿನ ತೂಕ ಸುಮಾರು 7 ಕಿಲೊ.

ಹಂಚಿಕೆ ಹೀಗೆ. ನಾಲ್ಕು ಮೂಲೆಗಳಲ್ಲಿ ಎರಡನ್ನು ಬಾಗಿಲು ಮತ್ತು ಕಪಾಟು ಹಿಡಿದಿದ್ದವು. ಉಳಿದ ಎರಡರಲ್ಲಿ ಒಂದರ ಮೇಲೊಂದು ಎರಡು ಪ್ಯಾನೆಲ್, ಮೂಲೆಗೆ ಅಡ್ಡಲಾಗಿ, ನೆಲದಿಂದ 8 ಅಡಿಯವರೆಗೆ. ಕೆಳಗಿನ ಆವರ್ತನಗಳ ಒತ್ತಡ ಅತಿ ಹೆಚ್ಚಿರುವುದು ಮೂಲೆಯಲ್ಲಿ. ಅಡ್ಡಲಾಗಿ ಇಟ್ಟರೆ ಹಿಂದಿನ ಖಾಲಿ ಜಾಗವೂ ಕೆಲಸಕ್ಕೆ ಬರುತ್ತದೆ. ಇನ್ನೆರಡು ಹಾಡುವವರ ಬೆನ್ನಿನ ಹಿಂದಿನ ಗೋಡೆಗೆ. ಕಾರ್ಡಿಯಾಯ್ಡ್ ಮೈಕು, ಅಂದರೆ ಮುಖ್ಯವಾಗಿ ತನ್ನ ಮುಂದಿನದನ್ನೇ ಕೇಳುವ ಮೈಕು, ನೋಡುವುದು ಹಾಡುವವರನ್ನು, ಹಾಗಾಗಿ ಅದಕ್ಕೆ ಹೆಚ್ಚು ಕೇಳಿಸುವ ಗೋಡೆ ಬೆನ್ನಿನ ಹಿಂದಿನದೇ. ಅನೇಕರು ಮೈಕಿನ ಹಿಂದಿನ ಗೋಡೆಗೆ ಫೋಮು ಹಚ್ಚಿ ತಲೆ ಕೆರೆದುಕೊಳ್ಳುತ್ತಾರೆ. ಕೊನೆಯ ಎರಡು ತಾರಸಿಗೆ, ಹಾಡುವವರ ನೆತ್ತಿಯ ಮೇಲೆ, ಪ್ರತಿಯೊಂದಕ್ಕೂ ನಾಲ್ಕು ಆಂಕರ್ ಫಾಸ್ಟನರ್ ಹುಕ್ಕು, 4 ಇಂಚು ಕೆಳಗೆ ತೂಗುಬಿಟ್ಟು. ನೆಲಕ್ಕೆ ದಪ್ಪ ಜಮಖಾನೆ.

ಮತ್ತೆ ಅದೇ ಸ್ವರಗಳನ್ನು ಹಾಡಿಸಿ ಅಳೆದಾಗ ಧೈವತದ ಉಬ್ಬು 3 ಡೆಸಿಬೆಲ್‌ಗೆ ಇಳಿದಿತ್ತು. 57-63 ಹರ್ಟ್ಜ್‌ನ ಗುಂಪು ಹಾಗೇ ಉಳಿಯಿತು, ಅದನ್ನು ಹಿಡಿಯಲು ನಾಲ್ಕಿಂಚು ಸಾಲದು. ದನಿ ಅಷ್ಟು ಕೆಳಗೆ ಇಳಿಯುವುದಿಲ್ಲವಾದ್ದರಿಂದ ಈ ಕೆಲಸಕ್ಕೆ ಅಡ್ಡಿಯಿಲ್ಲ. ಮಿಕ್ಸಿನಲ್ಲಿ ಡಗ್ಗಾದ (ತಬಲಾದ ಎಡಗೈಯ ಜೊತೆವಾದ್ಯ) ಕೆಳಗಿನ ಆವರ್ತನಗಳನ್ನು ಮಾನಿಟರಿನಲ್ಲಿ ನಂಬದೆ ಹೆಡ್‌ಫೋನಿನಲ್ಲಿ ತೀರ್ಮಾನಿಸಬೇಕು, ಅಷ್ಟೆ.

ಲೋಕಲ್ ರೈಲಿನ ಸದ್ದು

ಪ್ಯಾನೆಲುಗಳು ಒಳಗಿನ ಪ್ರತಿಧ್ವನಿಯನ್ನು ಹೀರುತ್ತವೆ, ಹೊರಗಿನ ಸದ್ದನ್ನು ತಡೆಯುವುದಿಲ್ಲ. ತಡೆಯಲು ಭಾರ ಬೇಕು, ಗಾಳಿ ನುಸುಳದ ಮುಚ್ಚಿಗೆ ಬೇಕು. ಅಲ್ಯುಮಿನಿಯಂ ಸ್ಲೈಡಿಂಗ್ ಕಿಟಕಿಯ ಸಂದಿಗಳಿಗೆ ರಬ್ಬರ್ ಪಟ್ಟಿ, ಬಾಗಿಲ ಅಡಿಗೆ ಸೀಲ್ ಹಾಕಿದ್ದರಿಂದ ರಸ್ತೆಯ ಗಲಾಟೆ ತಗ್ಗಿತು. ಸೆಂಟ್ರಲ್ ಲೈನಿನ ಹಾರ್ನ್ ತಗ್ಗಲಿಲ್ಲ. ಅದಕ್ಕಾಗಿ ಎರಡನೇ ಗೋಡೆ ಕಟ್ಟುವುದು ಬಾಡಿಗೆ ಫ್ಲ್ಯಾಟಿನಲ್ಲಿ ಆಗದ ಮಾತು. ಹಾರ್ನ್ ಬಂದರೆ ಆ ಸಾಲನ್ನು ಮತ್ತೆ ಹಾಡುವುದೆಂದು ಒಪ್ಪಿಕೊಂಡರು. ರಾತ್ರಿ 10ರ ಮೇಲೆ ತಬಲಾ ಇಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಮಿತಿ 45 ಡೆಸಿಬೆಲ್. ಅದಕ್ಕೂ ಮಿಗಿಲಾಗಿ, ಕೆಳಗಿನ ಮನೆಯವರ ಜೊತೆ ಚೆನ್ನಾಗಿರಬೇಕು.

ಫ್ಯಾನು, ಎಸಿ ರೆಕಾರ್ಡಿಂಗ್ ಹೊತ್ತಿನಲ್ಲಿ ಬಂದ್. ಮೊದಲೇ ಕೋಣೆ ತಂಪು ಮಾಡಿಕೊಂಡು ಆರಿಸುತ್ತಾರೆ. ಆದರೆ ಎಸಿಯ ಒಣ ಗಾಳಿಗೆ ತಬಲಾದ ಚರ್ಮ ಬಿಗಿಯುತ್ತದೆ, ಆರಿಸಿದ ಮೇಲೆ ತೇವಕ್ಕೆ ಸಡಿಲಾಗುತ್ತದೆ. ಹಾಗಾಗಿ ಎಸಿ ಆರಿಸಿ ಹತ್ತು ನಿಮಿಷ ಬಿಟ್ಟೇ ಶ್ರುತಿ ಮಾಡಬೇಕು.

ಮೈಕು ಎಲ್ಲಿ, ಯಾವ ಕಡೆ ಮುಖ

ಕಾಕಾ ಹಾರ್ಮೋನಿಯಂ ತಾವೇ ನುಡಿಸುತ್ತ ಹಾಡುತ್ತಾರೆ. ಬೇರೆ ಬೇರೆ ರೆಕಾರ್ಡ್ ಮಾಡಿ ನೋಡಿದಾಗ ಕೈ ಮತ್ತು ಕೊರಳಿನ ಹೊಂದಾಣಿಕೆಯೇ ಹೋಯಿತು. ಎರಡನ್ನೂ ಒಟ್ಟಿಗೇ ಹಿಡಿಯಬೇಕು, ಆದರೆ ಹಾಡಿನ ಮೈಕಿಗೆ ಪೆಟ್ಟಿಗೆಯ (ಹಾರ್ಮೋನಿಯಂನ) ಸದ್ದು ಕಡಿಮೆ ಹೋಗಬೇಕು.

ಮೊದಲು ಮೈಕನ್ನು ಬಾಯಿಗಿಂತ ಮೇಲೆ ನಿಲ್ಲಿಸಿ ಕೆಳಮುಖ ಮಾಡಿದ್ದರು. ಹಾಗೆ ಇಟ್ಟರೆ ಮೈಕಿನ ನೋಟದಲ್ಲಿ ಬಾಯಿಯ ಜೊತೆಗೆ ಹಾರ್ಮೋನಿಯಂ ಕೂಡ ಬರುತ್ತದೆ. ಕಾರ್ಡಿಯಾಯ್ಡ್ ಮೈಕಿಗೆ ಅತಿ ಕಡಿಮೆ ಕೇಳಿಸುವುದು ಅದರ ನೇರ ಬೆನ್ನಿನ ಕಡೆಯಿಂದ. ಆದ್ದರಿಂದ ಮೈಕನ್ನು ಕೆಳಗಿಳಿಸಿ, ಹಾರ್ಮೋನಿಯಂನ ಮೇಲ್ಹಲಗೆಯಿಂದ ಒಂದು ಗೇಣು ಎತ್ತರದಲ್ಲಿಟ್ಟು, 45 ಡಿಗ್ರಿ ಮೇಲ್ಮುಖವಾಗಿ ಬಾಯಿಯತ್ತ ತಿರುಗಿಸಿದರು. ಬಾಯಿಗೂ ಮೈಕಿಗೂ 7 ಇಂಚು, ನಡುವೆ ಉಸಿರಿನ ಹೊಡೆತ ತಡೆಯುವ ಪಾಪ್ ಫಿಲ್ಟರ್. ಈಗ ಮೈಕಿನ ಬೆನ್ನು ಪೆಟ್ಟಿಗೆಗೆ, ಮುಖ ಬಾಯಿಗೆ ಮತ್ತು ತಾರಸಿಗೆ. ನೆತ್ತಿಯ ಮೇಲೆ ಎರಡು ಪ್ಯಾನೆಲ್ ತೂಗುಹಾಕಿದ್ದು ಇದಕ್ಕಾಗಿಯೇ. ಅವಿಲ್ಲದೆ ಹೀಗೆ ಮಾಡಿದರೆ ತಾರಸಿಯ ಪ್ರತಿಧ್ವನಿ ನೇರ ಮೈಕಿಗೆ ಬೀಳುತ್ತದೆ. ಸ್ಟ್ಯಾಂಡಿನ ಕಾಲು ಹಾರ್ಮೋನಿಯಂಗೆ ತಾಗಬಾರದು, ತಾಗಿದರೆ ತಿದಿಯ ಪ್ರತಿ ಒತ್ತೂ ಗುದ್ದಿನಂತೆ ಬರುತ್ತದೆ.

ಎರಡನೇ ಇನ್‌ಪುಟ್ಟಿಗೆ ಎಸ್ಎಂ57, ಪೆಟ್ಟಿಗೆಯ ಪಕ್ಕದಿಂದ ಒಂದೂವರೆ ಅಡಿ ದೂರ. ಗೇನ್ (ಮೈಕಿನ ಸದ್ದನ್ನು ಹಿಗ್ಗಿಸುವ ಪ್ರಮಾಣ) ಏರಿಸುವುದು ಅತಿ ಜೋರಿನ ತಾನಕ್ಕೂ ಪೀಕ್ ಮೈನಸ್ 10 ಡೆಸಿಬೆಲ್ ದಾಟದಷ್ಟು. 24 ಬಿಟ್‌ನಲ್ಲಿ ಇದಕ್ಕಿಂತ ಹೆಚ್ಚು ತುಂಬಿಸುವ ಅಗತ್ಯವೇ ಇಲ್ಲ. 48 ಕಿಲೊಹರ್ಟ್ಜ್, 24 ಬಿಟ್ ಮೊನೊ ಟ್ರ್ಯಾಕು ನಿಮಿಷಕ್ಕೆ 8.6 ಎಂಬಿ ಹಿಡಿಯುತ್ತದೆ, ಜಾಗದ ಚಿಂತೆಯೂ ಇಲ್ಲ.

ಝೇಂಕಾರದ ಮೂಲ ಹುಡುಕಿದ್ದು ಬೇಗ ಮುಗಿಯಿತು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತರೆ ಅರ್ಧ ಹೋಗುತ್ತಿತ್ತು, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಸ್ವಿಚ್ ಆರಿಸಿದರೆ ಉಳಿದದ್ದು. ಕರೆಂಟಿನವರು ನೋಡಿದಾಗ ಆ ಕೋಣೆಯ ಪ್ಲಗ್ಗಿಗೆ ಅರ್ಥಿಂಗ್ ವಯರೇ ಸೇರಿರಲಿಲ್ಲ. ಅದನ್ನು ಸೇರಿಸಿ, ಎಲ್ಲ ಸಾಮಾನನ್ನೂ ಒಂದೇ ಬೋರ್ಡಿಗೆ ಹಾಕಿ, ಇಂಟರ್‌ಫೇಸಿನಿಂದ ಮಾನಿಟರಿಗೆ ಲ್ಯಾಮಿಂಗ್ಟನ್ ರೋಡಿನಿಂದ ತಂದ, ಹೊರಗಿನ ಝೇಂಕಾರ ಹಿಡಿಯದ ಬ್ಯಾಲೆನ್ಸ್ಡ್ ಟಿಆರ್‌ಎಸ್ ಕೇಬಲ್ ಹಾಕಿದ ಮೇಲೆ ಮೌನ. ಝೇಂಕಾರ ನಿಲ್ಲಿಸಲು ಪ್ಲಗ್ಗಿನ ಅರ್ಥ್ ಪಿನ್ ಮುರಿಯುವವರಿದ್ದಾರೆ. ಲೋಹದ ಮೈಕಿಗೆ ಬಾಯಿ ಹತ್ತಿರ ಇಟ್ಟು ಹಾಡುವ ಕೆಲಸ ಇದು, ಜೀವಕ್ಕೇ ಅಪಾಯ.

ತಬಲಾ ಯಾಕೆ ಹಿಂದೆ ಬೀಳುತ್ತಿತ್ತು

ಇನ್‌ಪುಟ್ ಎರಡೇ ಇರುವುದರಿಂದ ಹಾಡು ಮತ್ತು ಹಾರ್ಮೋನಿಯಂ ಮೊದಲು, ತಬಲಾ ಆಮೇಲೆ ಹೆಡ್‌ಫೋನ್ ಹಾಕಿಕೊಂಡು. ತಬಲಾದವರು ಅನುಭವಸ್ಥರು. "ನಾ ಸಮಕ್ಕ ಸರಿಯಾಗೇ ಬಂದೀನಿ, ನಿನ್ನ ಮಷೀನ ನೋಡು" ಎಂದದ್ದು ಸರಿಯಾಗಿತ್ತು. ಯಾವಾಗಲೂ ಒಂದೇ ಅಂತರದಲ್ಲಿ ಹಿಂದೆ ಬೀಳುವುದು ಕೈಯ ದೋಷವಲ್ಲ. ಮನುಷ್ಯ ತಪ್ಪಿದರೆ ಒಮ್ಮೆ ಹಿಂದೆ, ಒಮ್ಮೆ ಮುಂದೆ ತಪ್ಪುತ್ತಾನೆ.

ಪರೀಕ್ಷೆ ಹೀಗೆ. ಇಂಟರ್‌ಫೇಸಿನ ಒಂದು ಔಟ್‌ಪುಟ್ಟಿನಿಂದ ಅದರದೇ ಇನ್‌ಪುಟ್ಟಿಗೆ ಕೇಬಲ್ ಹಾಕಿ, ಒಂದು ಟ್ರ್ಯಾಕಿನಲ್ಲಿ ಟಿಕ್ ಸದ್ದು ಇಟ್ಟು ನುಡಿಸುತ್ತ ಇನ್ನೊಂದರಲ್ಲಿ ರೆಕಾರ್ಡ್ ಮಾಡಬೇಕು. ಎರಡರ ತುದಿಯನ್ನೂ ಝೂಮ್ ಮಾಡಿ ಅಂತರ ಅಳೆಯಬೇಕು. ಇಲ್ಲಿ ಬಂದದ್ದು 1056 ಸ್ಯಾಂಪಲ್, ಸೆಕೆಂಡಿಗೆ 48,000 ಸ್ಯಾಂಪಲ್ ಇರುವುದರಿಂದ ಅದರಿಂದ ಭಾಗಿಸಿದರೆ 22 ಮಿಲಿಸೆಕೆಂಡ್. ವಿಲಂಬಿತದಲ್ಲಿ ಇದು ಮುಚ್ಚಿಹೋಗಬಹುದು, ದ್ರುತ ಕೆಹರವಾ ತಾಳದಲ್ಲಿ ಎಳೆದಂತೆ ಕೇಳುತ್ತದೆ. ಕಾರಣ: ಇಂಟರ್‌ಫೇಸಿನ ಸ್ವಂತ ಡ್ರೈವರ್ ಬಿಟ್ಟು ಎಲ್ಲ ಸೌಂಡ್‌ಕಾರ್ಡಿಗೂ ಹೊಂದುವ ಸಾಮಾನ್ಯ ಡ್ರೈವರ್ ಹಾಕಿದ್ದರು, ಅದು ತನ್ನ ವಿಳಂಬವನ್ನು ರೀಪರಿಗೆ ತಪ್ಪಾಗಿ ಹೇಳುತ್ತಿತ್ತು. ತಯಾರಕರ ಡ್ರೈವರ್ ಹಾಕಿದ ಮೇಲೆ ಉಳಿದ ಅಂತರ 48 ಸ್ಯಾಂಪಲ್, ಒಂದು ಮಿಲಿಸೆಕೆಂಡ್. ಅದನ್ನೂ ಪ್ರಿಫರೆನ್ಸಸ್‌ನ ರೆಕಾರ್ಡಿಂಗ್ ಪುಟದಲ್ಲಿ ಆಫ್‌ಸೆಟ್ ಆಗಿ ತುಂಬಿಸಿದರು. ಬಫರ್ ಬದಲಾಯಿಸಿದರೆ, ಡ್ರೈವರ್ ಅಪ್‌ಡೇಟ್ ಆದರೆ ಈ ಪರೀಕ್ಷೆ ಮತ್ತೆ ಮಾಡಬೇಕು. ಬ್ಲೂಟೂತ್ ಹೆಡ್‌ಫೋನನ್ನಂತೂ ರೆಕಾರ್ಡಿಂಗ್ ಹೊತ್ತಿನಲ್ಲಿ ಹತ್ತಿರ ಸೇರಿಸಬಾರದು.

ಶ್ರುತಿ ಮತ್ತು ಗಾಂಧಾರ

ಇಲೆಕ್ಟ್ರಾನಿಕ್ ತಂಬೂರಿ ಪಾಶ್ಚಾತ್ಯ ಎ ಸ್ವರಕ್ಕೆ 440 ಹರ್ಟ್ಜ್ ಎಂಬ ಲೆಕ್ಕದಲ್ಲಿತ್ತು, ಹಾರ್ಮೋನಿಯಂ ಅದಕ್ಕಿಂತ 9 ಸೆಂಟ್ (ಅರ್ಧಸ್ವರದ ನೂರರಲ್ಲೊಂದು ಭಾಗ ಒಂದು ಸೆಂಟ್) ಮೇಲೆ. ಎರಡೂ ಸೇರಿದಾಗ ಮೆಲ್ಲಗೆ ಅಲೆಯುವ ಕಂಪನ ಹುಟ್ಟುತ್ತಿತ್ತು. ರೀಡನ್ನು ಉಜ್ಜಿ ಸರಿಮಾಡಲು ಹೋಗಬಾರದು; ತಂಬೂರಿಯ ಫೈನ್ ಟ್ಯೂನನ್ನು ಪೆಟ್ಟಿಗೆಗೆ ಹೊಂದಿಸಿ, ತಬಲಾವನ್ನೂ ಅದಕ್ಕೇ ಕೂರಿಸಬೇಕು.

ಇನ್ನು ಪಿಚ್ ಕರೆಕ್ಷನ್, ಅಂದರೆ ಸ್ವರವನ್ನು ತಾನೇ ತಿದ್ದುವ ಪ್ಲಗಿನ್. ಹುಡುಗ ವೀಡಿಯೊ ನೋಡಿ ಕಲಿತದ್ದರಿಂದ ದನಿಯ ಟ್ರ್ಯಾಕಿಗೆ ಅದನ್ನು ಹಚ್ಚಿದ್ದ. ತಂಬೂರಿಯ ತಂತಿಯಿಂದ ತಾನಾಗಿ ಹುಟ್ಟುವ ಸ್ವಯಂಭೂ ಗಾಂಧಾರ ಷಡ್ಜದಿಂದ 386 ಸೆಂಟ್ ಮೇಲಿದೆ. ಸಮಭಾಗ ಮಾಡಿದ ಸಪ್ತಕದಲ್ಲಿ ಅದು 400. ಪ್ಲಗಿನ್ ಕಾಕಾ ಅವರ ತಂಬೂರಿಗೆ ಕೂಡಿದ ಗಾಂಧಾರವನ್ನು ತಪ್ಪೆಂದು ತಿಳಿದು 14 ಸೆಂಟ್ ಮೇಲೆತ್ತುತ್ತಿತ್ತು, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡುಗಳನ್ನು ಮೆಟ್ಟಿಲು ಮಾಡುತ್ತಿತ್ತು. ಹಾರ್ಮೋನಿಯಂನ ಗಾಂಧಾರವೂ 400ರದೇ. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ದೂರ ಇಟ್ಟಿದ್ದರ ಹಿಂದೆ ಇದೇ ವಾದ ಇತ್ತು. ಈ ಪದಗಳಲ್ಲಿ ಪ್ಲಗಿನ್ ತೆಗೆದುಹಾಕಿ, ದನಿ ಗಾಂಧಾರದ ಮೇಲೆ ನಿಲ್ಲುವ ಕಡೆಯೆಲ್ಲ ಹಾರ್ಮೋನಿಯಂ ಟ್ರ್ಯಾಕನ್ನು ಮೂರು ನಾಲ್ಕು ಡೆಸಿಬೆಲ್ ಇಳಿಸಿದರು. ನಮ್ಮ ಸಂಗೀತ ರೆಕಾರ್ಡ್ ಮಾಡುವವರು ಸಾಫ್ಟ್‌ವೇರಿನ ಡಿಫಾಲ್ಟ್‌ಗಿಂತ ತಂಬೂರಿಯನ್ನು ನಂಬಬೇಕು. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ.

ಮಿಕ್ಸಿನಲ್ಲಿ ಹೆಚ್ಚೇನೂ ಉಳಿಯಲಿಲ್ಲ. ದನಿಗೆ 80 ಹರ್ಟ್ಜ್‌ನಲ್ಲಿ ಹೈಪಾಸ್ (ಅದರ ಕೆಳಗಿನದನ್ನು ಕತ್ತರಿಸುವುದು), 118ರ ಸುತ್ತ 2 ಡೆಸಿಬೆಲ್ ಕಡಿತ, ಹಗುರ ಕಂಪ್ರೆಷನ್ (ಜೋರು-ಮೆತ್ತಗಿನ ಅಂತರ ಕುಗ್ಗಿಸುವುದು), ಒಂದೂವರೆ ಸೆಕೆಂಡಿನ ಪ್ಲೇಟ್ ರಿವರ್ಬ್ (ಕೃತಕ ಅನುರಣನ). ಕೊನೆಯ ಫೈಲಿನ ಸರಾಸರಿ ಜೋರು ಮೈನಸ್ 14 ಎಲ್‌ಯುಎಫ್‌ಎಸ್, ಟ್ರೂ ಪೀಕ್ (ಅತಿ ಜೋರಿನ ತುದಿ) ಮೈನಸ್ 1 ಡೆಸಿಬೆಲ್. ಇದಕ್ಕಿಂತ ಜೋರು ಮಾಡಿದರೆ ಯೂಟ್ಯೂಬ್ ತಾನೇ ಇಳಿಸುತ್ತದೆ, ತಬಲಾದ ಚಾಟಿ ಮಾತ್ರ ಚಪ್ಪಟೆಯಾಗಿ ಉಳಿಯುತ್ತದೆ. ಪುರಂದರದಾಸರ, ಕನಕದಾಸರ ಸಾಹಿತ್ಯಕ್ಕೆ ಹಕ್ಕುಸ್ವಾಮ್ಯವಿಲ್ಲ. ಇತ್ತೀಚಿನ ಸಂಯೋಜಕರ ಧಾಟಿಗೆ ಇರಬಹುದು: 1957ರ ಕಾಯ್ದೆಯಂತೆ ಸಂಯೋಜಕರು ತೀರಿಕೊಂಡ ಮೇಲೂ 60 ವರ್ಷ. ಆದ್ದರಿಂದ ಆರರಲ್ಲಿ ಎರಡು ಪದಗಳಿಗೆ ಕಾಕಾ ತಮ್ಮದೇ ಧಾಟಿ ಹಾಕಿದರು.

ಮಳೆಗಾಲಕ್ಕೆ ಬೇರೆ ಎಚ್ಚರಿಕೆ ಬೇಕು. ಹೊರಗೋಡೆಗೆ ಪ್ಯಾನೆಲ್ ಅಂಟಿಸಿದರೆ ಹಿಂದೆ ತೇವ ಹಿಡಿದು ಬೂಷ್ಟು ಬರುತ್ತದೆ. ಎರಡಿಂಚು ಬಿಟ್ಟು ತೂಗುಹಾಕಿದ್ದಾರೆ, ಆ ಸಂದಿ ಕೆಳಗಿನ ಆವರ್ತನಗಳಿಗೂ ಒಳ್ಳೆಯದು. ಕಂಡೆನ್ಸರ್ ಮೈಕಿನ ಪೊರೆಗೆ ತೇವ ಕೂತರೆ ಚಟಪಟ ಸದ್ದು ಬರುತ್ತದೆ, ಆದ್ದರಿಂದ ಕೆಲಸ ಮುಗಿದ ಕೂಡಲೇ ಸಿಲಿಕಾ ಜೆಲ್ ಇರುವ ಗಾಳಿಯಾಡದ ಡಬ್ಬಿಗೆ. ಜೆಲ್‌ನ ಬಣ್ಣ ಬದಲಾದರೆ ಒಣಗಿಸಿ ಮತ್ತೆ ಹಾಕಬೇಕು.

ಆರು ಪದಗಳಲ್ಲಿ ನಾಲ್ಕು ಮುಗಿದಿವೆ. ಬಗೆಹರಿಯದೆ ಉಳಿದದ್ದು ಸೋರಿಕೆ: ಮೈಕು ಎಷ್ಟೇ ತಿರುಗಿಸಿದರೂ ಹಾಡಿನ ಟ್ರ್ಯಾಕಿನಲ್ಲಿ ಹಾರ್ಮೋನಿಯಂ ಸ್ವಲ್ಪ ಇದ್ದೇ ಇರುತ್ತದೆ. ಹಾಗಾಗಿ ಚರಣದ ನಡುವೆ ಸಾಹಿತ್ಯದ ಒಂದು ಮಾತು ತಪ್ಪಿದರೆ ಅದೊಂದನ್ನೇ ಕತ್ತರಿಸಿ ಅಂಟಿಸಲು ಬರುವುದಿಲ್ಲ, ಅಂಟಿದ ಕಡೆ ಪೆಟ್ಟಿಗೆಯ ಸ್ವರ ಮುರಿಯುತ್ತದೆ. ಇಡೀ ಚರಣವನ್ನೇ ಮತ್ತೆ ಹಾಡಿ, ಪಲ್ಲವಿಗೆ ಮರಳುವ ಮುಖಡಾದಲ್ಲಿ ಉಸಿರು ತೆಗೆದುಕೊಳ್ಳುವ ಜಾಗ ನೋಡಿ ಜೋಡಿಸುತ್ತಾರೆ.